ಜರ್ಮನಿಯಲ್ಲಿ ಫೋನ್ ಕೊಳ್ಳುವಾಗ ಕೊಡಗಿನ ಮಳೆ ನೆನಪಿರಲಿ

ಜರ್ಮನಿಯ ಮೀಡಿಯಾ ಮಾರ್ಕ್ಟ್‌ನಂಥ ದೊಡ್ಡ ಅಂಗಡಿಗಳಲ್ಲಿ ಫೋನು, ಲ್ಯಾಪ್‌ಟಾಪು, ಹೆಡ್‌ಫೋನುಗಳನ್ನು ಮೇಜಿನ ಮೇಲೆ ಆನ್ ಮಾಡಿಯೇ ಇಟ್ಟಿರುತ್ತಾರೆ. ಎಷ್ಟು ಹೊತ್ತು ಹಿಡಿದು ನೋಡಿದರೂ ಸಾಮಾನ್ಯವಾಗಿ ಯಾರೂ ಏನೂ ಅನ್ನುವುದಿಲ್ಲ. ಮಕ್ಕಳನ್ನು ನೋಡಲು ಮಡಿಕೇರಿ, ವಿರಾಜಪೇಟೆ ಕಡೆಯಿಂದ ಬರುವ ಅಪ್ಪ-ಅಮ್ಮಂದಿರು ಸಂಕೋಚ ಬಿಟ್ಟು ನೋಡಬೇಕು, ಯಾಕೆಂದರೆ ಕೊಂಡ ಮೇಲೆ ಮನಸ್ಸು ಬದಲಾದರೆ ದಾರಿ ಕಡಿಮೆ. ಆನ್‌ಲೈನ್‌ನಲ್ಲಿ ತರಿಸಿದ ಸಾಮಾನನ್ನು 14 ದಿನದೊಳಗೆ ಕಾರಣ ಹೇಳದೆ ಹಿಂದಿರುಗಿಸುವ ಹಕ್ಕು ಯುರೋಪಿನ ಕಾನೂನಿನಲ್ಲಿದೆ. ಅಂಗಡಿಗೆ ಹೋಗಿ ಕೊಂಡದ್ದಕ್ಕೆ ಆ ಹಕ್ಕಿಲ್ಲ, ವಾಪಸ್ ತೆಗೆದುಕೊಂಡರೆ ಅದು ಅಂಗಡಿಯವರ ಒಳ್ಳೆಯತನ. ಬಿಲ್ ಮಾಡಿಸುವ ಮೊದಲೇ ಕೇಳಿಕೊಳ್ಳಿ. ಭಾನುವಾರ ಬಾಗಿಲು ತೆರೆಯುವುದಿಲ್ಲ, ಶನಿವಾರ ಜನವೋ ಜನ. ವಾರದ ನಡುವೆ ಬೆಳಿಗ್ಗೆ ಹೋದರೆ ಸಿಬ್ಬಂದಿಗೂ ಪುರುಸೊತ್ತು ಇರುತ್ತದೆ.

ಮೊದಲು ಫೋನು. ಕಳ್ಳತನವಾಗದಂತೆ ಹಿಂಬದಿಗೆ ಅಂಟಿಸಿದ ತಂತಿಯಿಂದಾಗಿ ಅದರ ನಿಜವಾದ ತೂಕ ಕೈಗೆ ತಿಳಿಯುವುದಿಲ್ಲ, ತೆಗೆದುಕೊಡಲು ಕೇಳಿ. ಪರದೆಯ ಬೆಳಕನ್ನು ಪೂರ್ತಿ ಏರಿಸಿಟ್ಟಿರುತ್ತಾರೆ, ಅದನ್ನು ಅರ್ಧಕ್ಕೆ ಇಳಿಸಿ ಸಣ್ಣ ಅಕ್ಷರ ಓದಿ. ಕ್ಯಾಮೆರಾವನ್ನು ಅಂಗಡಿಯ ಝಗಮಗ ದೀಪದ ಕೆಳಗೆ ಪರೀಕ್ಷಿಸಿ ಪ್ರಯೋಜನವಿಲ್ಲ, ಆ ಬೆಳಕಿನಲ್ಲಿ ಎಲ್ಲ ಕ್ಯಾಮೆರಾಗಳೂ ಚೆನ್ನಾಗಿಯೇ ಕಾಣುತ್ತವೆ. ಮೇಜಿನ ಅಡಿಯ ಕತ್ತಲಿಗೆ ಹಿಡಿದು ತೆಗೆಯಿರಿ. ಆಷಾಢದ ಸಂಜೆ ಕಾಫಿ ತೋಟದೊಳಗೆ ಇರುವುದು ಅಷ್ಟೇ ಬೆಳಕು. ಕೊನೆಗೆ ಬೆರಳ ತುದಿ ಒದ್ದೆ ಮಾಡಿಕೊಂಡು ಟೈಪ್ ಮಾಡಿ. ನೀರಿನ ಹನಿಯನ್ನೂ ಪರದೆ ಬೆರಳೆಂದೇ ತಿಳಿಯುವುದರಿಂದ ಕೆಲವು ಫೋನುಗಳು ತಮ್ಮಷ್ಟಕ್ಕೆ ಎಲ್ಲೆಲ್ಲೋ ಒತ್ತಿಕೊಳ್ಳುತ್ತವೆ. ನೀರು-ಧೂಳಿನ ರಕ್ಷಣೆಗೆ ಕೊಡುವ ಐಪಿ68 ಎಂಬ ದರ್ಜೆ ಅಂದರೆ ನೀರು ಒಳಗೆ ಇಳಿಯುವುದಿಲ್ಲ ಎಂದಷ್ಟೇ, ಮಳೆಯಲ್ಲಿ ಪರದೆ ಸರಿಯಾಗಿ ಕೆಲಸ ಮಾಡುತ್ತದೆ ಎಂದಲ್ಲ.

2025ರ ಜೂನ್ 20ರಿಂದ ಯುರೋಪಿನಲ್ಲಿ ಮಾರುಕಟ್ಟೆಗೆ ಬರುವ ಹೊಸ ಫೋನುಗಳಿಗೆ ಫ್ರಿಜ್ಜಿಗೆ ಇರುವಂಥದೇ ಬಣ್ಣದ ಲೇಬಲ್ ಕಡ್ಡಾಯ. ಒಂದು ಚಾರ್ಜಿಗೆ ಎಷ್ಟು ಗಂಟೆ ಬರುತ್ತದೆ, ಎಷ್ಟು ಸಲ ಚಾರ್ಜ್ ಆದ ಮೇಲೂ ಬ್ಯಾಟರಿಯ ಶಕ್ತಿ ಶೇ. 80ರಷ್ಟು ಉಳಿಯುತ್ತದೆ, ಬಿದ್ದರೆ ಎಷ್ಟು ತಾಳುತ್ತದೆ, ರಿಪೇರಿ ಎಷ್ಟು ಸುಲಭ, ನೀರು-ಧೂಳಿಗೆ ಎಷ್ಟು ರಕ್ಷಣೆ, ಎಲ್ಲ ಅದರಲ್ಲಿದೆ. ಬೀಳುವುದಕ್ಕೂ ರಿಪೇರಿಗೂ ಎ ಇಂದ ಇ ವರೆಗೆ ದರ್ಜೆ. ಎ ಎಲ್ಲಕ್ಕಿಂತ ಮೇಲು. ಮಾರಾಟಗಾರನ ಹತ್ತು ಮಾತಿಗಿಂತ ಈ ಚೀಟಿ ನಂಬಿಕಸ್ಥ. ಬ್ಯಾಟರಿಯ ಗಂಟೆಯನ್ನು ಮಾತ್ರ ಇದ್ದಂತೆಯೇ ನಂಬಬೇಡಿ. ಒಂದೇ ಕಡ್ಡಿ ಸಿಗ್ನಲ್ ಬರುವ ಕಣಿವೆಯಲ್ಲಿ ಟವರನ್ನು ಮುಟ್ಟಲು ಫೋನು ಹೆಚ್ಚು ಶಕ್ತಿ ಸುಡುತ್ತದೆ, ಚಾರ್ಜ್ ಬೇಗ ಇಳಿಯುತ್ತದೆ.

ಸಿಗ್ನಲ್ಲಿನ ವಿಷಯ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ತಿಳಿಯುವಂಥದ್ದಲ್ಲ, ಆದರೆ ನಮ್ಮ ಕಡೆಗೆ ಅದೇ ಮುಖ್ಯ. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್’ ತೆರೆದು ಮಾಡೆಲ್ ನಂಬರ್ ಬರೆದುಕೊಂಡು, ತಯಾರಕರ ಜಾಲತಾಣದಲ್ಲಿ ಆ ಮಾಡೆಲಿನ ಬ್ಯಾಂಡುಗಳನ್ನು, ಅಂದರೆ ಅದು ಹಿಡಿಯಬಲ್ಲ ರೇಡಿಯೋ ಅಲೆಗಳ ಪಟ್ಟಿಯನ್ನು, ನೋಡಿ. ಗುಡ್ಡ, ಮರಗಳ ನಡುವೆ ದೂರ ಸಾಗುವುದು ಕಡಿಮೆ ಆವರ್ತನದ ಅಲೆ. ಅಂಥ ಅಲೆ ಜಿಯೋಗೆ 4ಜಿಯಲ್ಲಿ ಬ್ಯಾಂಡ್ 5, 5ಜಿಯಲ್ಲಿ ಎನ್28. ಬಿಎಸ್‌ಎನ್‌ಎಲ್ 4ಜಿಗೆ ಬ್ಯಾಂಡ್ 28. ಏರ್‌ಟೆಲ್‌ಗೆ ಬ್ಯಾಂಡ್ 8. ನಿಮ್ಮ ಮನೆಗೆ ಯಾವುದು ಬರುತ್ತದೋ ಅದು ಪಟ್ಟಿಯಲ್ಲಿ ಇರಲೇಬೇಕು. ಸಿಮ್ ಹಾಕುವ ಜಾಗ ಇದೆಯೇ ಎಂದೂ ನೋಡಿ. ಜರ್ಮನಿಯಲ್ಲಿ ಮಾರುವ ಐಫೋನ್ 17ರಲ್ಲಿ ಅದು ಇದೆ. ಅಮೆರಿಕದಲ್ಲಿ, ದುಬೈಯಲ್ಲಿ ಮಾರುವ ಅದೇ ಫೋನಿನಲ್ಲಿ ಇಲ್ಲ, ಅಲ್ಲಿ ಇ-ಸಿಮ್ ಮಾತ್ರ, ಅಂದರೆ ಕಾರ್ಡಿಲ್ಲದೆ ಫೋನಿನೊಳಗೇ ಇರುವ ಸಿಮ್. ಊರಿನ ಹಳೆಯ ಸಿಮ್ಮನ್ನು ಹಾಗೆಯೇ ಹಾಕಿಕೊಳ್ಳಬೇಕೆಂದು ಅಪ್ಪ ಬಯಸಿದರೆ ಈ ವ್ಯತ್ಯಾಸ ದೊಡ್ಡದು.

ಹೆಡ್‌ಫೋನಿನ ಸದ್ದು ತಡೆಯುವ ಗುಣವನ್ನು ಅಂಗಡಿಯ ಏಸಿ ಗುಂಯ್‌ಗುಡುವ ಜಾಗದಲ್ಲಿ ನೋಡಿದರೆ ಎಲ್ಲವೂ ಅದ್ಭುತ ಅನಿಸುತ್ತದೆ. ಆ ತಂತ್ರ ಒಂದೇ ಸಮನೆ ಬರುವ ಕೆಳಸ್ವರದ ಸದ್ದನ್ನು ಚೆನ್ನಾಗಿ ಅಳಿಸುತ್ತದೆ. ತಗಡಿನ ಮೇಲೆ ಬೀಳುವ ಮಳೆಯ ಪಟಪಟ ಸದ್ದಿಗೆ ಅಷ್ಟು ಸಾಲದು. ಅದಕ್ಕೇ ಆ ತಂತ್ರವನ್ನು ಆಫ್ ಮಾಡಿ, ಬರಿಯ ಮೆತ್ತೆ ಎಷ್ಟು ತಡೆಯುತ್ತದೆ ನೋಡಿ. ಕನ್ನಡಕದವರು ಕನ್ನಡಕ ಹಾಕಿಯೇ ಹದಿನೈದು ನಿಮಿಷ ಇಟ್ಟುಕೊಳ್ಳಿ. ಕನ್ನಡಕದ ಕಡ್ಡಿಯ ಸಂದಿನಿಂದ ಸದ್ದು ಒಳಗೆ ಬರುತ್ತದೆ, ಕಿವಿಯ ಹಿಂಭಾಗವೂ ನೋಯತೊಡಗುತ್ತದೆ.

ಲ್ಯಾಪ್‌ಟಾಪಿನ ಜರ್ಮನ್ ಕೀಬೋರ್ಡಿನಲ್ಲಿ ವೈ, ಝಡ್ ಅದಲುಬದಲಾಗಿರುತ್ತವೆ, ಎಡಗಡೆಯ ಶಿಫ್ಟ್ ಗಿಡ್ಡ. ಸೆಟ್ಟಿಂಗ್ಸ್‌ನಲ್ಲಿ ಇಂಗ್ಲಿಷಿಗೋ ಕನ್ನಡಕ್ಕೋ ಬದಲಿಸಬಹುದು, ಆದರೆ ಕೀಲಿಯ ಮೇಲೆ ಅಚ್ಚಾದ ಅಕ್ಷರ ಬದಲಾಗದು. ನೋಡದೆ ಟೈಪ್ ಮಾಡುವವರಿಗೆ ತೊಂದರೆಯಿಲ್ಲ, ನೋಡಿ ಒತ್ತುವ ಅಮ್ಮನಿಗೆ ಕೊಡಬೇಡಿ. ವೋಲ್ಟೇಜು ಇಲ್ಲಿಯೂ 230, ಅದರ ಚಿಂತೆಯಿಲ್ಲ. ಚಾರ್ಜರಿನ ದಪ್ಪ ಎರಡು ಪಿನ್ನಿನ ಪ್ಲಗ್ಗು ನಮ್ಮ ಸಾಕೆಟ್ಟಿಗೆ ಸರಿಯಾಗಿ ಕೂರುವುದಿಲ್ಲ. ವೈರು ಚಾರ್ಜರಿನಿಂದ ಬಿಡಿಸಿ ತೆಗೆಯುವಂಥದ್ದಾದರೆ ಕುಶಾಲನಗರದಲ್ಲೇ ಮೂರು ಪಿನ್ನಿನದು ಕೊಂಡು ಹಾಕಿಕೊಳ್ಳಬಹುದು.

ಮೇಜಿನ ಮೇಲಿದ್ದ ಫೋನನ್ನೇ ಕಡಿಮೆ ಬೆಲೆಗೆ ಕೊಡುತ್ತೇವೆಂದರೆ ಬೇಡ ಎನ್ನುವುದೇ ಲೇಸು. ತಿಂಗಳುಗಟ್ಟಲೆ ತುಂಬಿದ ಚಾರ್ಜಿನಲ್ಲೇ ಇದ್ದ ಬ್ಯಾಟರಿ ಸವೆದಿರುತ್ತದೆ. ಓಎಲ್‌ಇಡಿ ಪರದೆಯಾದರೆ, ಒಂದೇ ಜಾಹೀರಾತು ಓಡಿ ಓಡಿ ಅದರ ನೆರಳು ಅಚ್ಚಾಗಿರಬಹುದು; ಬೂದು ಬಣ್ಣದ ಚಿತ್ರ ತೆರೆದರೆ ಅದು ಕಾಣುತ್ತದೆ.

ಇಲ್ಲಿ ಎರಡು ವರ್ಷದ ಕಾನೂನುಬದ್ಧ ಹೊಣೆ ಮಾರಿದ ಅಂಗಡಿಯದು, ಮಡಿಕೇರಿಯಲ್ಲಿ ಕುಳಿತು ಅದನ್ನು ಕೇಳುವುದು ಕಷ್ಟ. ತಯಾರಕರ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಖಚಿತ ಮಾಡಿಕೊಳ್ಳಿ.

ತೆರಿಗೆ ವಾಪಸ್ ಬೇಕಿದ್ದರೆ ಬಿಲ್ಲು ಊರಿನಿಂದ ಬಂದವರ ಹೆಸರಿನಲ್ಲೇ ಇರಬೇಕು. ಇಲ್ಲೇ ವಾಸವಿರುವ ಮಗ, ಮಗಳಿಗೆ ಅದು ಸಿಗದು. 50 ಯೂರೋ ಮೀರಿದ ಬಿಲ್ಲಿಗೆ ಪಾಸ್‌ಪೋರ್ಟ್ ತೋರಿಸಿ ಟ್ಯಾಕ್ಸ್ ಫ್ರೀ ಫಾರಂ ತುಂಬಿಸಿಕೊಳ್ಳಿ. ಬೆಲೆಯೊಳಗೆ ಶೇ. 19ರ ತೆರಿಗೆ ಸೇರಿರುತ್ತದೆ, ಅಂದರೆ 100 ಯೂರೋದಲ್ಲಿ ಸುಮಾರು 16; ತೆರಿಗೆ ಮರಳಿಸುವ ಮಧ್ಯದ ಕಂಪನಿ ತನ್ನ ಪಾಲು ಹಿಡಿದು ಉಳಿದದ್ದು ಕೊಡುತ್ತದೆ. ಸಾಮಾನು ದೊಡ್ಡ ಪೆಟ್ಟಿಗೆಯಲ್ಲಿದ್ದರೆ ಅದನ್ನು ವಿಮಾನದವರಿಗೆ ಒಪ್ಪಿಸುವ ಮೊದಲೇ ಕಸ್ಟಮ್ಸ್‌ನವರಿಗೆ ತೋರಿಸಿ ಮುದ್ರೆ ಹಾಕಿಸಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, 100 ವಾಟ್-ಅವರ್ ಮೀರದಿರಲಿ.