ಒಂದು ಮ್ಯಾಕ್‌ಗೆ ಒಂದೇ ಪ್ಯಾಕೇಜ್ ಮ್ಯಾನೇಜರ್ ಸಾಕು

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದೊಂದು ಚಿಕ್ಕ ಆಫೀಸು. ಹಳೇ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಪುಟದ ಚಿತ್ರದಿಂದ ಅಕ್ಷರ ತೆಗೆದು ಕೊಡುತ್ತೇವೆ. ಬಳಸುವುದು ಟೆಸರಾಕ್ಟ್. ಎಚ್‌ಪಿಯಲ್ಲಿ ಹುಟ್ಟಿ, 2005ರಲ್ಲಿ ಓಪನ್ ಸೋರ್ಸ್ ಆದ ಸಾಫ್ಟ್‌ವೇರ್ ಅದು. ಟರ್ಮಿನಲ್‌ನಲ್ಲಿ ಕಮಾಂಡ್ ಕೊಟ್ಟೇ ಓಡಿಸಬೇಕು. ಅದಕ್ಕೆ ಲೆಪ್ಟೋನಿಕಾ ಅನ್ನೋ ಲೈಬ್ರರಿ ಬೇಕು, ಲೆಪ್ಟೋನಿಕಾಗೆ ಚಿತ್ರ ಓದುವ ಇನ್ನಷ್ಟು ಲೈಬ್ರರಿಗಳು ಬೇಕು. ಇವನ್ನೆಲ್ಲ ಒಂದೊಂದಾಗಿ ಹುಡುಕಿ ಕಂಪೈಲ್ ಮಾಡುತ್ತಾ ಕೂತರೆ ಪುಸ್ತಕದ ಕೆಲಸ ಯಾವಾಗ ಮಾಡೋದು? ಒಂದು ಕಮಾಂಡ್ ಕೊಟ್ಟರೆ ಬೇಕಾದ್ದನ್ನೆಲ್ಲ ತಂದು ಹಾಕುವ ಪ್ಯಾಕೇಜ್ ಮ್ಯಾನೇಜರ್ ಇರುವುದೇ ಇದಕ್ಕೆ.

ಉಬುಂಟುವಿನಲ್ಲಿ ಆಪ್ಟ್ (apt) ಅನ್ನೋ ಪ್ಯಾಕೇಜ್ ಮ್ಯಾನೇಜರ್ ಮೊದಲೇ ಇರುತ್ತದೆ, ತಲೆನೋವಿಲ್ಲ. ಮ್ಯಾಕ್‌ನಲ್ಲಿ ನಾವೇ ಆರಿಸಿಕೊಳ್ಳಬೇಕು. 2002ರಿಂದ ಇರುವ ಮ್ಯಾಕ್‌ಪೋರ್ಟ್ಸ್ ಒಂದು, 2009ರಲ್ಲಿ ಮ್ಯಾಕ್ಸ್ ಹೋವೆಲ್ ಶುರುಮಾಡಿದ ಹೋಮ್‌ಬ್ರೂ ಇನ್ನೊಂದು. ಎರಡೂ ಒಳ್ಳೆಯವೇ. ಒಂದೇ ಮ್ಯಾಕ್‌ನಲ್ಲಿ ಎರಡನ್ನೂ ಹಾಕಿದರೆ ಮಾತ್ರ ಕಷ್ಟ.

ಹೊಸದಾಗಿ ಸೇರಿದ ಹುಡುಗ ಒಂದು ದಿನ ಬಂದು, "ಅಕ್ಕ, ನಿನ್ನೆವರೆಗೂ ಚೆನ್ನಾಗಿ ಓದ್ತಿತ್ತು, ಇವತ್ತು ಕನ್ನಡದ ಫೈಲೇ ಇಲ್ಲ ಅಂತಿದೆ" ಅಂದ. ಅದು ಎಂ1 ಮ್ಯಾಕ್. ಟೆಸರಾಕ್ಟ್ ಎಲ್ಲೆಲ್ಲಿದೆ ಅಂತ ತಿಳಿಯಲು ಟರ್ಮಿನಲ್‌ನಲ್ಲಿ 'ವಿಚ್ -ಎ ಟೆಸರಾಕ್ಟ್' ಅಂತ ಕೊಟ್ಟು ನೋಡಿದೆವು. ಎರಡು ಸಾಲು ಬಂತು. ಮೊದಲು /opt/homebrew ಫೋಲ್ಡರ್ ಒಳಗಿನದು, ಆಮೇಲೆ /opt/local ಒಳಗಿನದು. ಎರಡನೆಯದು ಮ್ಯಾಕ್‌ಪೋರ್ಟ್ಸ್‌ನದು, ಕನ್ನಡದ ಡೇಟಾ ಇದ್ದದ್ದು ಅದರಲ್ಲಿ. ಬೇರೇನೋ ಟೂಲ್ ಬೇಕಾಗಿ ಅವನು ಹೋಮ್‌ಬ್ರೂ ಹಾಕಿದ್ದ, ಆ ಟೂಲ್ ತನ್ನ ಜೊತೆ ಇನ್ನೊಂದು ಟೆಸರಾಕ್ಟನ್ನೂ ಎಳೆದುಕೊಂಡು ಬಂದಿತ್ತು. ಪಾತ್ ಅಂದರೆ ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ, ಅದರಲ್ಲಿ ಯಾವುದು ಮುಂದಿದೆಯೋ ಅದೇ ಓಡುತ್ತದೆ. ಟರ್ಮಿನಲ್ ಶುರುವಾಗುವಾಗ ಓದುವ ಝಡ್‌ಪ್ರೊಫೈಲ್ ಫೈಲಿನಲ್ಲಿ ಇಂಥ ಪ್ರತಿ ಸಾಲೂ ತನ್ನ ಫೋಲ್ಡರನ್ನು ಪಟ್ಟಿಯ ಮುಂದಕ್ಕೆ ಸೇರಿಸುತ್ತದೆ, ಹೋಮ್‌ಬ್ರೂ ಸಾಲು ಕೊನೆಯಲ್ಲಿ ಸೇರಿದ್ದರಿಂದ ಅದೇ ಎಲ್ಲಕ್ಕಿಂತ ಮುಂದೆ ಬಂದು ಕೂತಿತ್ತು. ಅದರ ಟೆಸರಾಕ್ಟ್ ಜೊತೆ ಕನ್ನಡ ಬರುವುದಿಲ್ಲ, 'ಟೆಸರಾಕ್ಟ್-ಲ್ಯಾಂಗ್' ಅನ್ನೋ ಪ್ಯಾಕೇಜನ್ನು ಬೇರೆಯಾಗಿ ಹಾಕಬೇಕು. ಹೋಮ್‌ಬ್ರೂನ ಕಮಾಂಡ್ 'ಬ್ರೂ', ಅದರ 'ಬ್ರೂ ಡಾಕ್ಟರ್' ಓಡಿಸಿದರೆ, ಮ್ಯಾಕ್‌ಪೋರ್ಟ್ಸ್ ಕೂಡ ಇದೆ ನೋಡಿ ಅಂತ ಅದೇ ಎಚ್ಚರಿಸುತ್ತದೆ. ಹೊಸಬರಿಗೆ ನಾನು ಮೊದಲು ಹೇಳಿಕೊಡುವುದು ಈ ಎರಡು ಕಮಾಂಡ್.

ಪಾತ್ ಅದಲುಬದಲು ಮಾಡಿದ್ದರೆ ಆವತ್ತಿನ ಕೆಲಸ ನಡೆಯುತ್ತಿತ್ತು, ನಿಜ. ಆದರೆ ಮುಂದೆ ಇನ್ಯಾವುದೋ ಟೂಲ್ ಹೀಗೇ ಕೈಕೊಡುತ್ತದೆ, ಅಲ್ವಾ? ಒಂದನ್ನು ತೆಗೆದುಬಿಡೋಣ ಅಂತ ತೀರ್ಮಾನಿಸಿದೆವು. ಮ್ಯಾಕ್‌ಪೋರ್ಟ್ಸ್ ಬಗ್ಗೆ ನನಗೆ ತುಂಬಾ ಗೌರವ. ಮ್ಯಾಕ್‌ಓಎಸ್ ಜೊತೆ ಬಂದದ್ದನ್ನು ಆದಷ್ಟೂ ನೆಚ್ಚಿಕೊಳ್ಳದೆ, ಬೇಕಾದ್ದನ್ನು ತಾನೇ ತಂದಿಟ್ಟುಕೊಳ್ಳುತ್ತದೆ. ಆದರೆ ಪ್ರತಿ ಸಲ ಇನ್‌ಸ್ಟಾಲ್ ಮಾಡುವಾಗಲೂ ಸುಡೋ, ಅಂದರೆ ಅಡ್ಮಿನ್ ಅಧಿಕಾರ ಬೇಕು. ಆಫೀಸಿನಲ್ಲಿ ಎಲ್ಲರಿಗೂ ಆ ಅಧಿಕಾರ ಕೊಡುವುದು ನನಗೆ ಇಷ್ಟವಿಲ್ಲ. ಹಾಗಾಗಿ ಹೋಮ್‌ಬ್ರೂ ಉಳಿಯಿತು. ತೆಗೆಯುವ ಮುಂಚೆ 'ಪೋರ್ಟ್ ಇನ್‌ಸ್ಟಾಲ್ಡ್ ರಿಕ್ವೆಸ್ಟೆಡ್' ಅಂತ ಕೊಟ್ಟು, ನಾವಾಗಿ ಕೇಳಿ ಹಾಕಿಸಿಕೊಂಡದ್ದು ಯಾವುದು ಅಂತ ಬರೆದಿಟ್ಟುಕೊಂಡೆವು. ಮಿಕ್ಕವೆಲ್ಲ ಅವುಗಳ ಜೊತೆ ಬಂದವು.

ಈಗ ಬ್ರೂಫೈಲ್ ಅನ್ನೋ ಒಂದೇ ಫೈಲಿನಲ್ಲಿ ನಮ್ಮ ಪಟ್ಟಿ ಇದೆ. 'ಬ್ರೂ ಬಂಡಲ್ ಡಂಪ್' ಅಂದರೆ ಅದು ತಾನೇ ಬರೆದುಕೊಡುತ್ತದೆ. ಹೊಸ ಮ್ಯಾಕ್ ಬಂದರೆ ಆ ಫೈಲ್ ಇಟ್ಟು 'ಬ್ರೂ ಬಂಡಲ್' ಅಂದರೆ ಸಾಕು, ಎಲ್ಲವೂ ಬಂದು ಕೂರುತ್ತವೆ.

ಇನ್ನೊಂದು ಮಾತು. ಒಂದು ಪುಸ್ತಕದ ಕೆಲಸ ಅರ್ಧದಲ್ಲಿರುವಾಗ ಸುಮ್ನೆ 'ಬ್ರೂ ಅಪ್‌ಗ್ರೇಡ್' ಕೊಡಬೇಡಿ. ಟೆಸರಾಕ್ಟ್ ಅಥವಾ ಅದರ ಭಾಷೆಯ ಡೇಟಾ ಬದಲಾದರೆ ಅದೇ ಪುಟವನ್ನು ಬೇರೆ ಥರ ಓದಬಹುದು. ಮೊದಲರ್ಧದಲ್ಲಿ ಸರಿಯಾಗಿ ಬಂದ ಒತ್ತಕ್ಷರ ಆಮೇಲೆ ತಪ್ಪಬಹುದು, ತಿದ್ದುವವರಿಗೆ ಕೆಲಸ ಜಾಸ್ತಿ. ನಾವು ಕೆಲಸ ಶುರುವಾಗುವಾಗಲೇ ಅವೆರಡೂ ಅಪ್‌ಗ್ರೇಡ್ ಆಗದಂತೆ 'ಬ್ರೂ ಪಿನ್' ಹಾಕುತ್ತೇವೆ, ಪುಸ್ತಕ ಮುಗಿಸಿ ಕೊಟ್ಟ ಮೇಲೆ 'ಅನ್‌ಪಿನ್' ಮಾಡಿ ಅಪ್‌ಗ್ರೇಡ್ ಮಾಡುತ್ತೇವೆ.