ಒಟ್ಟು ಮಳೆ ಜಾಸ್ತಿ, ತೆನೆ ಮಾತ್ರ ಖಾಲಿ

ನಾನು ಕೃಷಿ ಸಲಹೆಗಾರ. ಬಿತ್ತನೆಗೆ ಮುಂಚೆ ರೈತರ ಜೊತೆ ಕೂತು ಯಾವ ತಳಿ, ಯಾವಾಗ ಬಿತ್ತಬೇಕು ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ಆ ಲೆಕ್ಕ ಎಲ್ಲಿ ತಪ್ಪುತ್ತದೆ ಅಂತ ಗೊತ್ತಾಗಿದ್ದು ಒಂದೇ ಒಂದು ಹಂಗಾಮಿನಲ್ಲಿ.

ಆ ಸಲದ ಮುನ್ಸೂಚನೆಯಲ್ಲಿ ಮೂರು ಅಂಕಿ ಇದ್ದವು. ವಾಡಿಕೆಗಿಂತ ಜಾಸ್ತಿ ಮಳೆಯ ಸಾಧ್ಯತೆ ಶೇ 45, ವಾಡಿಕೆಯಷ್ಟೇ ಶೇ 30, ಕಡಿಮೆ ಶೇ 25. ನಾನು ಮೊದಲ ಅಂಕಿ ನೋಡಿ ಕಾಗದ ಮಡಚಿಟ್ಟೆ. "ಮಳೆ ಚೆನ್ನಾಗಿದೆ, ಇಡೀ ಹೊಲಕ್ಕೆ ಒಂದೇ ಸಲ ಮುಸುಕಿನ ಜೋಳ ಹಾಕಿ" ಅಂತ ಎಲ್ಲರಿಗೂ ಹೇಳಿದೆ.

ತಮಾಷೆ ಏನು ಗೊತ್ತಾ? ಮುನ್ಸೂಚನೆ ಸುಳ್ಳಾಗಲಿಲ್ಲ. ಹಂಗಾಮಿನ ಒಟ್ಟು ಮಳೆ ವಾಡಿಕೆಗಿಂತ ಜಾಸ್ತಿಯೇ ಆಯಿತು. ಆದರೆ ಸೂಲಂಗಿ, ಅಂದರೆ ಗಿಡದ ತುದಿಯ ಹೂವಿನ ಜುಟ್ಟು, ಹೊರಡುವ ಹೊತ್ತಿಗೆ ಸರಿಯಾಗಿ 18 ದಿನ ಒಂದು ಹನಿ ಬೀಳಲಿಲ್ಲ. ಆಮೇಲೆ ಒಂದೇ ಮಧ್ಯಾಹ್ನ 60 ಮಿ.ಮೀ. ಸುರಿಯಿತು. ಒಂದು ಎಕರೆಗೆ ಲೆಕ್ಕ ಹಾಕಿದರೆ ಸುಮಾರು 2.4 ಲಕ್ಷ ಲೀಟರ್. ಅಷ್ಟು ನೀರನ್ನು ಮಣ್ಣು ಒಟ್ಟಿಗೆ ಕುಡಿಯಲಾರದು. ಅದು ಬದು ಒಡೆದು, ಮೇಲ್ಮಣ್ಣು ಹೊತ್ತುಕೊಂಡು ಹೋಯಿತು.

ಮುಸುಕಿನ ಜೋಳದ ಜುಟ್ಟಿನಲ್ಲಿ ಗಂಡು ಹೂ, ತೆನೆಯ ತುದಿಯಲ್ಲಿ ರೇಷ್ಮೆಯಂಥ ಎಳೆಗಳು. ಪರಾಗ ಆ ಎಳೆಗೆ ಬಿದ್ದರೆ ಕಾಳು, ಇಲ್ಲವಾದರೆ ಇಲ್ಲ. ಗಿಡಕ್ಕೆ ನೀರು ಸಾಲದಿದ್ದರೆ ಎಳೆ ಹೊರಬರುವುದು ತಡವಾಗುತ್ತದೆ. ಅಷ್ಟರಲ್ಲಿ ಪರಾಗ ಉದುರಿ ಮುಗಿದಿರುತ್ತದೆ. ಜೊತೆಗೆ ಬಿಸಿಲು 35 ಡಿಗ್ರಿ ದಾಟಿದರೆ ಪರಾಗವೂ ಕಸುವು ಕಳೆದುಕೊಳ್ಳುತ್ತದೆ. ಹೂ ಬಿಡುವ ಆ ಎರಡು ವಾರ ಕೈಕೊಟ್ಟರೆ ಹಿಂದೆ ಮುಂದೆ ಎಷ್ಟು ಮಳೆ ಬಂದರೂ ಸುಮ್ನೆ. ನಾನು ಇಡೀ ಹಂಗಾಮನ್ನು ಆ ಎರಡು ವಾರಕ್ಕೇ ಪಣ ಇಟ್ಟಿದ್ದೆ.

ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಹಾಗಾಗಿ ಸುರಿದರೆ ಜೋರಾಗಿ ಸುರಿಯುತ್ತದೆ, ಬಿಡುವು ಕೊಟ್ಟಾಗ ಮಣ್ಣಿನ ತೇವವನ್ನೂ ಬೇಗ ಹೀರುತ್ತದೆ. ಇದನ್ನು ತರಬೇತಿಯಲ್ಲಿ ಎಷ್ಟೋ ಸಲ ಓದಿದ್ದೆ. ಸಲಹೆ ಕೊಡುವಾಗ ಮಾತ್ರ ಒಟ್ಟು ಮಳೆಯನ್ನೇ ನೋಡುತ್ತಿದ್ದೆ.

ವಿಮೆಯ ಕಥೆಯೂ ಅದೇ. ನನ್ನ ಮಾತು ಕೇಳಿ ಕೆಲವರು ಮಳೆ ಆಧಾರಿತ ವಿಮೆ ಮಾಡಿಸಿದ್ದರು. ಅದು ನೋಡುವುದು ಮಳೆಮಾಪಕದ ಒಟ್ಟು ಲೆಕ್ಕ, ಹೊಲವನ್ನಲ್ಲ. ಮಾಪಕದಲ್ಲಿ ಮಳೆ ಜಾಸ್ತಿ ಇತ್ತು, ಪರಿಹಾರ ಬರಲಿಲ್ಲ. ಒಣ ದಿನಗಳನ್ನು ಎಣಿಸುವ ಪಾಲಿಸಿಗಳೂ ಇರುತ್ತವೆ. ಅದನ್ನು ನಾನು ಮೊದಲೇ ಕೇಳಬೇಕಿತ್ತು.

ಒಬ್ಬ ರೈತ ಮಹಿಳೆ ಮಾತ್ರ ನನ್ನ ಮಾತು ಕೇಳಿರಲಿಲ್ಲ. "ನೀವು ಹೇಳೋದು ಸರಿ ಇರಬಹುದು ಸಾರ್, ಹೊಲ ನಂದು ಅಲ್ವಾ" ಅಂದಿದ್ದರು. ಹತ್ತು ಹನ್ನೆರಡು ದಿನ ಬಿಟ್ಟು ಬಿಟ್ಟು ಮೂರು ಸಲ ಬಿತ್ತಿದ್ದರು, ಒಂದು ತುಂಡಿಗೆ ಅಲ್ಪಾವಧಿ ಕಾಳು ಹಾಕಿದ್ದರು. ಮೂರರಲ್ಲಿ ನಡುವಿನ ಬಿತ್ತನೆ ಹೋಯಿತು. ಉಳಿದದ್ದು ಕೈಗೆ ಬಂತು.

ಅವರನ್ನು ನೋಡಿ ಮರುವರ್ಷ ಎಲ್ಲರಿಗೂ ಮೂರು ಕಂತಿನ ಬಿತ್ತನೆ ಹೇಳಿದೆ. ಅದೂ ಅವಸರವೇ! ಅಕ್ಕಪಕ್ಕದಲ್ಲಿ ಬೇರೆ ಬೇರೆ ವಯಸ್ಸಿನ ಮುಸುಕಿನ ಜೋಳ ಇದ್ದರೆ ಸೈನಿಕ ಹುಳುವಿಗೆ ಹಬ್ಬ. ದೊಡ್ಡ ಪೈರಿನಿಂದ ಎಳೆಯ ಪೈರಿಗೆ ದಾಟಿಕೊಳ್ಳುತ್ತಾ ಹೋಗುತ್ತದೆ. ಕೊನೆಯ ಕಂತು ಹುಳುವಿನ ಪಾಲಾಯಿತು. ಈಗ ಹುಳುವಿನ ಕಾಟ ಇರುವ ಕಡೆ ಜೋಳವನ್ನು ಒಂದೇ ಸಲ ಬಿತ್ತಿ, ಉಳಿದ ಜಾಗಕ್ಕೆ ಬೇರೆ ಬೆಳೆ ಹಾಕಿ ಅನ್ನುತ್ತೇನೆ.

ಈಗ ಮೊದಲು ಕೇಳುವುದು ಮಣ್ಣಿನ ಆಳ ಎಷ್ಟು, ಮಳೆ ನಿಂತರೆ ಪೈರು ಎಷ್ಟು ದಿನಕ್ಕೆ ಬಾಡುತ್ತದೆ ಅಂತ. ಹಳೆಯ ವರ್ಷಗಳ ದಿನವಾರು ಮಳೆ ಲೆಕ್ಕ ತೆಗೆದು, ಹೂ ಬಿಡುವ ವಾರಗಳಲ್ಲಿ ಎಷ್ಟು ಸಲ ಅಷ್ಟು ದಿನ ಒಣಗಿತ್ತು ಅಂತ ಎಣಿಸುತ್ತೇವೆ. ಬೇಸರದ ಕೆಲಸ, ನಿಜ. ಸಾಲುಗಳ ನಡುವೆ ಕಸಕಡ್ಡಿಯ ಹೊದಿಕೆ ಹಾಕಿ ಒಂದಷ್ಟು ದಿನ ತೇವ ಉಳಿಸಬಹುದಾ ಅಂತಲೂ ನೋಡುತ್ತೇವೆ.

ಮುನ್ಸೂಚನೆಯ ಮೂರೂ ಅಂಕಿಗಳನ್ನು ಈಗ ದೊಡ್ಡದಾಗಿ ಬರೆದು ಮುಂದಿಡುತ್ತೇನೆ. "ಈ 25, ಅಂದರೆ ಕಡಿಮೆ ಮಳೆ, ಬಂದರೆ ಏನು ಮಾಡ್ತೀರಿ?" ಅಂತ ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. "ಮೊದಲು ನೇರವಾಗಿ ಹೇಳ್ತಿದ್ರಿ, ಈಗ ನಮ್ಮನ್ನೇ ಕೇಳ್ತೀರಿ" ಅಂತ ಹೋದ ವಾರ ಒಬ್ಬರು ಎದ್ದು ಹೋದರು. ಮರುದಿನ ಹೊಲದ ಮಣ್ಣು ಒಂದು ಚೀಲದಲ್ಲಿ ತಂದು ನನ್ನ ಮೇಜಿನ ಮೇಲಿಟ್ಟರು.