ಮಿಶಿಗನ್‌ನ ಆ 3-9 ಯಾರ ತಪ್ಪು?

ನಾನು ಮಿಶಿಗನ್ ಟೀಮಿನ ಅಭಿಮಾನಿ ಅಂತ ಗೊತ್ತಾದ ಕೂಡಲೇ, ಹೊಸದಾಗಿ ಅಮೆರಿಕಕ್ಕೆ ಬಂದು ಕಾಲೇಜ್ ಫುಟ್‌ಬಾಲ್ ಹುಚ್ಚು ಹಿಡಿಸಿಕೊಂಡವರೆಲ್ಲ ಕೇಳುವ ಪ್ರಶ್ನೆ ಒಂದೇ. 2008ರಲ್ಲಿ ಅಷ್ಟು ದೊಡ್ಡ ಟೀಮ್ 12 ಮ್ಯಾಚ್‌ಗಳಲ್ಲಿ 9 ಸೋತಿತಲ್ಲ, ಅದು ಹೊಸ ಕೋಚ್ ತಪ್ಪಲ್ವಾ?

ಅಲ್ಲ. ಅವರು ತಪ್ಪೇ ಮಾಡಲಿಲ್ಲ ಅಂತಲ್ಲ, ಜನ ಬೆರಳು ತೋರಿಸುವ ಜಾಗ ತಪ್ಪು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ, ಇದು ಮೆಸ್ಸಿ ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎಸೆಯುವ, ಎತ್ತಿಕೊಂಡು ಓಡುವ, ಒಬ್ಬರ ಮೇಲೊಬ್ಬರು ಬೀಳುವ ಆಟ. ಮಿಶಿಗನ್ ಯೂನಿವರ್ಸಿಟಿ ಇರುವ ಊರು ಆನ್ ಆರ್ಬರ್‌ನ ಮೈದಾನಕ್ಕೆ ಪ್ರತಿ ಮ್ಯಾಚ್‌ಗೂ ಒಂದು ಲಕ್ಷಕ್ಕಿಂತ ಜಾಸ್ತಿ ಜನ ಬರುತ್ತಾರೆ. 1967ರ ನಂತರ ಗೆಲುವಿಗಿಂತ ಸೋಲು ಹೆಚ್ಚಾದ ಸೀಸನ್ನೇ ಅಲ್ಲಿರಲಿಲ್ಲ. ಸೀಸನ್ ಮುಗಿದ ಮೇಲೆ ಚೆನ್ನಾಗಿ ಆಡಿದ ಟೀಮುಗಳಿಗೆ ಸಿಗುವ ಬೌಲ್ ಮ್ಯಾಚ್ 33 ವರ್ಷ ಒಂದೂ ತಪ್ಪಿರಲಿಲ್ಲ. 2008ರಲ್ಲಿ ಎರಡೂ ಒಟ್ಟಿಗೆ ಮುರಿದವು.

2007ರ ಕೊನೆಗೆ ಹಳೆಯ ಕೋಚ್ ಲಾಯ್ಡ್ ಕಾರ್ ನಿವೃತ್ತರಾದರು, ವೆಸ್ಟ್ ವರ್ಜಿನಿಯಾದಿಂದ ಹೊಸ ಕೋಚ್ ರಿಚ್ ರೋಡ್ರಿಗಸ್ ಬಂದರು. ಇವರದು ಆಟಗಾರರನ್ನು ಮೈದಾನದ ಅಗಲಕ್ಕೂ ಹರಡಿ, ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ತಾನೇ ಚೆಂಡು ಹಿಡಿದು ಓಡುವ ಆಟ. ಮಿಶಿಗನ್‌ನಲ್ಲಿದ್ದದ್ದು ನಿಂತಲ್ಲೇ ನಿಂತು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಳ ಪರಂಪರೆ. ಟೆಸ್ಟ್ ಕ್ರಿಕೆಟ್‌ಗೆಂದು ಆರಿಸಿದ ಹನ್ನೊಂದು ಜನರನ್ನು ಟಿ20 ಆಡಿ ಅಂತ ಕಳಿಸಿದ ಹಾಗಾಯಿತು. ಅದರ ಮೇಲೆ ಮುಖ್ಯ ಆಟಗಾರರಾದ ಚಾಡ್ ಹೆನ್ನಿ, ಮೈಕ್ ಹಾರ್ಟ್, ಜೇಕ್ ಲಾಂಗ್ ಓದು ಮುಗಿಸಿ ಹೋದರು, ಮಾರಿಯೋ ಮ್ಯಾನಿಂಗ್‌ಹ್ಯಾಮ್ ಒಂದು ವರ್ಷ ಮೊದಲೇ ವೃತ್ತಿಪರರ ಲೀಗ್ ಆದ ಎನ್‌ಎಫ್‌ಎಲ್ ದಾರಿ ಹಿಡಿದರು, ಮುಂದಿನ ಕ್ವಾರ್ಟರ್‌ಬ್ಯಾಕ್ ಅಂದುಕೊಂಡಿದ್ದ ರಯಾನ್ ಮ್ಯಾಲೆಟ್ ಈ ಆಟ ತನಗೆ ಹೊಂದಲ್ಲ ಅಂತ ಆರ್ಕನ್ಸಾಗೆ ಹೊರಟೇಬಿಟ್ಟರು. ಉಳಿದ ಸ್ಟೀವನ್ ಥ್ರೀಟ್ ಓಡುವ ಆಸಾಮಿಯಲ್ಲ. ನಿಕ್ ಶೆರಿಡನ್ ಸ್ಕಾಲರ್‌ಶಿಪ್ ಇಲ್ಲದೆ ಟೀಮ್ ಸೇರಿದ್ದವರು. ಬೇರೆ ಕಡೆಯಿಂದ ಕರೆತರೋಣ ಅಂದರೆ, ಆಗೆಲ್ಲ ಕಾಲೇಜ್ ಬದಲಿಸಿದ ಹುಡುಗ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು.

ಮೊದಲ ಮ್ಯಾಚ್‌ನಲ್ಲೇ ಯೂಟಾ ಎದುರು 25-23 ಸೋಲು. ಅದು ಅವಮಾನವೇನಲ್ಲ, ಯೂಟಾ ಆ ವರ್ಷ ಒಂದೂ ಮ್ಯಾಚ್ ಸೋಲಲಿಲ್ಲ. ವಿಸ್ಕಾನ್ಸಿನ್ ವಿರುದ್ಧ ಅರ್ಧ ಆಟಕ್ಕೆ 19-0 ಹಿಂದಿದ್ದು 27-25 ಗೆದ್ದೆವು, ಸುಮ್ನೆ ಆಸೆ ಹುಟ್ಟಿಸೋಕೆ ಇರಬೇಕು. ಆಮೇಲೆ ಟೊಲೀಡೋ ಬಂತು. ಟೊಲೀಡೋ ಆಡುವ ಚಿಕ್ಕ ಲೀಗ್ ಮಿಡ್-ಅಮೆರಿಕನ್ ಕಾನ್ಫರೆನ್ಸ್‌ನ ಯಾವ ಟೀಮಿಗೂ ಮಿಶಿಗನ್ ಅದುವರೆಗೆ ಸೋತಿರಲಿಲ್ಲ. ಆ ದಿನ 13-10. ಓಹಾಯೋ ಸ್ಟೇಟ್ ವಿರುದ್ಧದ 42-7ಕ್ಕಿಂತ ನನಗೆ ಇದೇ ಜಾಸ್ತಿ ಉರಿಯುತ್ತದೆ, ಯಾಕಂದ್ರೆ ಟೊಲೀಡೋ ಕೂಡ ಆ ವರ್ಷ 3-9.

ಇಷ್ಟಾದರೂ ಆ ವರ್ಷ ಪಾಯಿಂಟ್ ಬರಲಿಲ್ಲ ಅನ್ನೋದಕ್ಕೆ ನಾನು ರೋಡ್ರಿಗಸ್‌ರನ್ನು ಬೈಯಲ್ಲ. ತಮಗೆ ಬೇಕಾದ ಹುಡುಗ ಸಿಕ್ಕಾಗ ಏನು ಮಾಡಬಲ್ಲೆ ಅಂತ ಅವರು ತೋರಿಸಿದರು. 2010ರಲ್ಲಿ ಡೆನಾರ್ಡ್ ರಾಬಿನ್ಸನ್ ಕ್ವಾರ್ಟರ್‌ಬ್ಯಾಕ್ ಆಗಿ 1,702 ಗಜ ಓಡಿದರು.

ನನ್ನ ಸಿಟ್ಟು ಡಿಫೆನ್ಸ್ ಬಗ್ಗೆ, ಅಂದರೆ ಎದುರಾಳಿ ಪಾಯಿಂಟ್ ಗಳಿಸದಂತೆ ತಡೆಯುವ ಆಟಗಾರರ ಗುಂಪಿನ ಬಗ್ಗೆ. ಅಲ್ಲಿ 2008ರಲ್ಲೂ ಬ್ರ್ಯಾಂಡನ್ ಗ್ರಹಾಮ್‌ರಂಥ ಗಟ್ಟಿಗರು ಇದ್ದರು, ಹುಡುಗರಿಲ್ಲ ಅನ್ನುವ ನೆಪ ನಡೆಯಲ್ಲ. ಸೀಸನ್ ನಡುವೆಯೇ ಪರ್ಡ್ಯೂ ವಿರುದ್ಧ ಇದ್ದಕ್ಕಿದ್ದಂತೆ ಡಿಫೆನ್ಸ್ ಪದ್ಧತಿ ಬದಲಿಸಿ 48 ಪಾಯಿಂಟ್ ಕೊಟ್ಟರು. ವರ್ಷದ ಕೊನೆಗೆ ಡಿಫೆನ್ಸ್ ಕೋಚ್ ಬದಲಾದರು, ಆಟ ಇನ್ನೂ ಕೆಟ್ಟಿತು. 2010ರಲ್ಲಿ ಇಲಿನಾಯ್ ವಿರುದ್ಧ 67-65ರಲ್ಲಿ ಗೆದ್ದೆವು. ಅರವತ್ತೈದು ಕೊಟ್ಟು ಗೆಲ್ಲೋದೂ ಒಂದು ಗೆಲುವಾ? ಆ ವರ್ಷ ಮ್ಯಾಚ್‌ಗೆ ಸರಾಸರಿ 35 ಪಾಯಿಂಟ್ ಬಿಟ್ಟುಕೊಟ್ಟೆವು, ಗೇಟರ್ ಬೌಲ್‌ನಲ್ಲಿ 52-14 ಸೋತೆವು, ರೋಡ್ರಿಗಸ್‌ರ ಕೆಲಸ ಹೋಯಿತು.

2011ರಲ್ಲಿ ಕೋಚ್ ಆಗಿ ಬ್ರೇಡಿ ಹೋಕ್ ಬಂದರು. ಡಿಫೆನ್ಸ್‌ಗೆ ಗ್ರೆಗ್ ಮ್ಯಾಟಿಸನ್‌ರನ್ನು ಕರೆತಂದರು. ಹುಡುಗರು ಹೆಚ್ಚುಕಡಿಮೆ ಅವರೇ. ಸರಾಸರಿ 35 ಇದ್ದದ್ದು 17ಕ್ಕೆ ಇಳಿಯಿತು, 11-2 ಆಯಿತು, ಶುಗರ್ ಬೌಲ್ ಕೂಡ ಗೆದ್ದರು. ಮೂರು ವರ್ಷದಲ್ಲಿ ಆಗದ್ದು ಒಂದೇ ವರ್ಷದಲ್ಲಿ ಆಯಿತಲ್ಲ, ಇನ್ನೇನು ಸಾಕ್ಷಿ ಬೇಕು?

ಇದನ್ನೇ ಹಿಡಿದುಕೊಂಡು ಈಗಿನ ಕೋಚ್‌ಗಳಿಗೂ ಮೊದಲ ವರ್ಷ ಮಾಫಿ ಕೊಡಬೇಡಿ. 2021ರಲ್ಲಿ ನಿಯಮ ಬದಲಾಯಿತು, ಆಟಗಾರರು ಒಂದು ವರ್ಷ ಕೂರದೆ ಕಾಲೇಜ್ ಬದಲಿಸಬಹುದು. 2023ರಲ್ಲಿ 3-9 ಆಗಿದ್ದ ಇಂಡಿಯಾನಾ, ಕರ್ಟ್ ಸಿಗ್ನೆಟ್ಟಿ ಬಂದ ಮೊದಲ ವರ್ಷವೇ 11-2 ಆಯಿತು, ತಮ್ಮ ಹಳೆಯ ಟೀಮಿನಿಂದ ಹಲವು ಹುಡುಗರನ್ನು ಜೊತೆಗೇ ಕರೆತಂದಿದ್ದರು. ರೋಡ್ರಿಗಸ್ ಕೂಡ 2024ರ ಕೊನೆಗೆ ವೆಸ್ಟ್ ವರ್ಜಿನಿಯಾಗೆ ವಾಪಸ್ ಹೋದರು, ಈ ಸಲ ಬೇಕಾದವರನ್ನು ಆರಿಸಿಕೊಳ್ಳುವ ದಾರಿ ಅವರಿಗೂ ತೆರೆದಿತ್ತು. 2025ರ ಮೊದಲ ಸೀಸನ್ 4-8. ಇದಕ್ಕೆ ಮಾತ್ರ ನಾನು ಅವರ ಪರ ವಾದ ಮಾಡಲ್ಲ.